ಕಂಟ್ರೋಲ್ ಕಾಪಾಡಿದವರಿಗೆಲ್ಲ ಒಂದು ಥ್ಯಾಂಕ್ಸ್

ಪಿಎಚ್.ಡಿ. ವೈವಾ ಮುಗಿಯಿತು. ಹೆಸರಿನ ಮುಂದೆ ಡಾ. ಅಂತ ಹಾಕಿಕೊಳ್ಳಬಹುದು. ಊರಲ್ಲಿ ಯಾರಾದರೂ ಜ್ವರಕ್ಕೆ ಮಾತ್ರೆ ಕೇಳಿಬಿಟ್ಟರೆ ಅಂತ ಸದ್ಯಕ್ಕೆ ಹಾಕಿಕೊಂಡಿಲ್ಲ. ಥೀಸಿಸ್‌ನ ಮೊದಲ ಪುಟಗಳಲ್ಲಿ ಎಲ್ಲರಿಗೂ ಹುದ್ದೆ ಸಮೇತ ವಂದನೆ ಹೇಳಿದ್ದಾಗಿದೆ. ಅದು ಬೈಂಡ್ ಆಗಿ ಲೈಬ್ರರಿ ಸೇರಿತು. ಅಲ್ಲಿ ಜಾಗ ಸಿಗದ ಮಾತುಗಳು ಇಲ್ಲಿವೆ.

ಇಷ್ಟು ವರ್ಷ ಏನು ಮಾಡಿದೆ ಅಂತ ನಮ್ಮ ಮನೆಯವರಿಗೇ ಸರಿಯಾಗಿ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ವಿವರ. ನಾವು ದಿನಾ ಮೈಗೆ ಹಚ್ಚುವ, ಬಾಯಿಗೆ ಹಾಕುವ ಕೆಲವು ವಸ್ತುಗಳು ದೇಹದಲ್ಲಿ ಹಾರ್ಮೋನಿನ ಹಾಗೆ ಆಟ ಆಡುತ್ತವೆ. ಕ್ರೀಮು ಕೆಡದಿರಲಿ ಅಂತ ಹಾಕುವ ಪ್ಯಾರಾಬೆನ್, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿರುವ ಬಿಸ್ಫಿನಾಲ್ ಎ, ಸೋಯಾ ಕ್ಯಾಪ್ಸೂಲಿನ ಜೆನಿಸ್ಟೀನ್, ಇವೆಲ್ಲ ಜೀವಕೋಶದಲ್ಲಿ ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನ್ ಕೂರುವ ಜಾಗಕ್ಕೆ ಹೋಗಿ ಕೂರಬಲ್ಲವು. ಕೂರುತ್ತವೆ ಅನ್ನೋದು ಹಳೇ ಸುದ್ದಿ. ಎಷ್ಟು ಜೋರಾಗಿ ಅನ್ನೋದು ಪ್ರಶ್ನೆ. ಪ್ಯಾರಾಬೆನ್ ನಮ್ಮ ಮೈಯದೇ ಈಸ್ಟ್ರೋಜೆನ್ ಆದ ಈಸ್ಟ್ರಡಯಾಲ್‌ಗಿಂತ ಸಾವಿರಾರು ಪಟ್ಟು ದುರ್ಬಲ. ಅಷ್ಟು ಸಣ್ಣ ಪರಿಣಾಮ ಕಾಣಬೇಕಾದರೆ, ಹೋಲಿಕೆಗೆ ಅಂತ ಏನೂ ಹಾಕದೆ ಇಟ್ಟ ಗುಳಿಯಲ್ಲಿ, ಅಂದರೆ ಕಂಟ್ರೋಲ್‌ನಲ್ಲಿ, ನಿಜಕ್ಕೂ ಏನೂ ಇರಬಾರದು. ಕೇಳೋಕೆ ಸುಲಭ, ಅಲ್ವಾ? ನನ್ನ ಕೆಲಸದ ಮುಕ್ಕಾಲು ಪಾಲು ಇದೇ ಆಗಿತ್ತು.

ಮೊದಲ ಥ್ಯಾಂಕ್ಸ್ ನಾನು ಹುಟ್ಟುವ ಎಷ್ಟೋ ಮೊದಲೇ ತೀರಿಕೊಂಡ ಒಬ್ಬರಿಗೆ. ಅಮೆರಿಕದ ಮಿಶಿಗನ್‌ನಲ್ಲಿ ಸಿಸ್ಟರ್ ಕ್ಯಾಥರೀನ್ ಫ್ರಾನ್ಸಿಸ್ ಅಂತ ಒಬ್ಬ ಸನ್ಯಾಸಿನಿ ಇದ್ದರು. ಸ್ತನ ಕ್ಯಾನ್ಸರ್ ಇತ್ತು. 1970ರಲ್ಲಿ ಅವರ ಎದೆಗೂಡಲ್ಲಿ ತುಂಬಿಕೊಂಡಿದ್ದ ನೀರು ತೆಗೆದಾಗ ಅದರಲ್ಲಿದ್ದ ಜೀವಕೋಶಗಳನ್ನು ಸಂಶೋಧಕ ಹರ್ಬರ್ಟ್ ಸೂಲ್ ಮತ್ತು ಜೊತೆಗಾರರು ಬೆಳೆಸಿದರು. ಅದೇ ಎಂಸಿಎಫ್-7. ಮಿಶಿಗನ್ ಕ್ಯಾನ್ಸರ್ ಫೌಂಡೇಶನ್, ಏಳನೇ ಪ್ರಯತ್ನ. ಈಸ್ಟ್ರೋಜೆನ್ ಸಿಕ್ಕರೆ ಈ ಕೋಶಗಳು ಚೆನ್ನಾಗಿ ಹೆಚ್ಚುತ್ತವೆ, ಸಿಗದಿದ್ದರೆ ತೆಪ್ಪಗಿರುತ್ತವೆ. ನಮಗೆ ಅವು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ಒಂದು ಪುಟ್ಟ ಫ್ಲಾಸ್ಕಿನಲ್ಲಿ ಬಂದವು. ಯಾರ ಮೈಯಿಂದ ಬಂದದ್ದು ಅಂತ ತಿಳಿದ ಮೇಲೆ ಫ್ಲಾಸ್ಕ್ ಎತ್ತುವಾಗ ಕೈ ಸ್ವಲ್ಪ ಹುಷಾರಾಯಿತು, ಅಷ್ಟೇ ಹೇಳಬಲ್ಲೆ.

ಎರಡನೇ ಥ್ಯಾಂಕ್ಸ್ ಬೋಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಆನಾ ಸೋಟೊ ಮತ್ತು ಕಾರ್ಲೋಸ್ ಸೊನ್ನೆನ್‌ಶೈನ್ ಅವರಿಗೆ. 1980ರ ದಶಕದ ಕೊನೆಗೆ ಅವರ ಲ್ಯಾಬಿನಲ್ಲಿ ಇದೇ ಕೋಶಗಳು ಹಾರ್ಮೋನ್ ಹಾಕದೇ ಇದ್ದರೂ ಬೆಳೆಯತೊಡಗಿದವು. ತಿಂಗಳುಗಟ್ಟಲೆ ಹುಡುಕಿದರು. ಕೊನೆಗೆ ಸಿಕ್ಕಿದ್ದು ಸೀರಮ್ (ಕೋಶ ಬೆಳೆಯಲಿ ಅಂತ ಹಾಕುವ, ರಕ್ತದಿಂದ ತೆಗೆದ ತಿಳಿ ದ್ರವ) ಇಡುತ್ತಿದ್ದ ಪ್ಲಾಸ್ಟಿಕ್ ಟ್ಯೂಬು. ತಯಾರಕರು ಪ್ಲಾಸ್ಟಿಕ್ಕಿನ ಮಿಶ್ರಣ ಬದಲಾಯಿಸಿದ್ದರು, ಏನು ಹಾಕಿದ್ದೀರಿ ಅಂದರೆ ಹೇಳಲಿಲ್ಲ. ಇವರೇ ಬೇರ್ಪಡಿಸಿ ನೋಡಿದಾಗ ಟ್ಯೂಬಿನಿಂದ ಸೋರಿ ಈಸ್ಟ್ರೋಜೆನ್‌ನಂತೆ ಆಡುತ್ತಿದ್ದದ್ದು ನೋನಿಲ್‌ಫಿನಾಲ್ ಅನ್ನೋ ರಾಸಾಯನಿಕ ಅಂತ ಗೊತ್ತಾಯಿತು. 1991ರಲ್ಲಿ ಪ್ರಕಟಿಸಿದರು. ನಾನು ಮಾಡಿದ ಪರೀಕ್ಷೆಯ ಬೇರು ಇವರ ಲ್ಯಾಬಿನಲ್ಲೇ ಇದೆ. ಆ ಪೇಪರ್ ಓದಿರದಿದ್ದರೆ ನಮ್ಮ ಲ್ಯಾಬಿನ ತೊಂದರೆ ನಮಗೆ ಎಂದೂ ಅರ್ಥವಾಗುತ್ತಿರಲಿಲ್ಲ.

ಈಗ ನಮ್ಮ ತೊಂದರೆಗೆ ಬರುತ್ತೇನೆ.

ಪ್ಲೇಟ್ ಅಂದರೆ 96 ಪುಟ್ಟ ಗುಳಿಗಳ ಒಂದು ಪ್ಲಾಸ್ಟಿಕ್ ತಟ್ಟೆ. ಕೋಶ ಹಾಕಿ, ಪರೀಕ್ಷಿಸುವ ವಸ್ತು ಹಾಕಿ, ಕೆಲವು ದಿನ 37 ಡಿಗ್ರಿಯಲ್ಲಿಟ್ಟು, ಕೊನೆಗೆ ಎಂಟಿಟಿ ಅನ್ನೋ ಹಳದಿ ಬಣ್ಣ ಹಾಕುತ್ತೇವೆ. ಜೀವಂತ ಕೋಶ ಅದನ್ನು ನೇರಳೆ ಹರಳು ಮಾಡುತ್ತದೆ. ಕೋಶ ಜಾಸ್ತಿ ಇದ್ದಷ್ಟೂ ನೇರಳೆ ಗಾಢ. ಈಸ್ಟ್ರಡಯಾಲ್ ಹಾಕಿದ ಸಾಲು ಬದನೆಕಾಯಿ ಬಣ್ಣಕ್ಕೆ ಬರಬೇಕು, ಏನೂ ಹಾಕದ ಸಾಲು ತಿಳಿಯಾಗಿರಬೇಕು. ನಮ್ಮ ಪ್ಲೇಟುಗಳಲ್ಲಿ ಒಂದು ಹಂತದಿಂದ ಎರಡೂ ಸಾಲು ಒಂದೇ ಬಣ್ಣ. ಪ್ಯಾರಾಬೆನ್ ಸಾಲೂ ಅದೇ, ಗಿಡಮೂಲಿಕೆ ಕ್ಯಾಪ್ಸೂಲಿನ ಸಾಲೂ ಅದೇ. ಡೇಟಾ ಅನ್ನೋದೇ ಇಲ್ಲ.

ಸೀರಮ್ ಮೇಲೆ ಅನುಮಾನ ಪಟ್ಟೆವು. ಕರುವಿನ ಸೀರಮ್‌ನಲ್ಲಿ ಹಾರ್ಮೋನ್ ಇದ್ದೇ ಇರುತ್ತದೆ, ಅದನ್ನು ಇದ್ದಿಲ ಪುಡಿಯಲ್ಲಿ ಹಾಯಿಸಿ ತೆಗೆಯಬೇಕು. ಮತ್ತೆ ಹಾಯಿಸಿದೆವು. ಮೀಡಿಯಾ, ಅಂದರೆ ಕೋಶ ಬೆಳೆಸುವ ಪೋಷಕ ದ್ರವ, ಅದನ್ನೂ ನೋಡಿದೆವು. ಮಾಮೂಲಿ ಮೀಡಿಯಾದ ಆ ಚಂದದ ಗುಲಾಬಿ ಬಣ್ಣ ಇದೆಯಲ್ಲ, ಫಿನಾಲ್ ರೆಡ್, ಅದೂ ದುರ್ಬಲ ಈಸ್ಟ್ರೋಜೆನ್‌ನಂತೆ ಕೆಲಸ ಮಾಡುತ್ತದೆ ಅಂತ 1986ರಲ್ಲೇ ಗೊತ್ತಾಗಿತ್ತು. ನಮ್ಮದು ಬಣ್ಣವಿಲ್ಲದ ಮೀಡಿಯಾ, ಅದರಲ್ಲಿ ತಪ್ಪಿರಲಿಲ್ಲ. ಸೀನಿಯರ್ ಒಬ್ಬರು ಟಾಪಿಕ್ ಬದಲಾಯಿಸು ಅಂದರು. ಮನೆಯಲ್ಲಿ ಯಾವಾಗ ಮುಗಿಯುತ್ತೆ ಅಂತ ಕೇಳುವುದನ್ನೇ ಬಿಟ್ಟಿದ್ದರು. ಅದು ಕೇಳುವುದಕ್ಕಿಂತ ಕಷ್ಟ.

ದಾರಿ ತೋರಿಸಿದ್ದು ನಮ್ಮ ಗಾಜಿನ ಸಾಮಾನು ತೊಳೆಯುವ ಅಕ್ಕ. ಬಾಟಲಿ ತಂದಿಡುತ್ತಾ, “ಈ ಸೋಪು ಬ್ಯಾರೆ ಐತ್ರಿ, ಎಷ್ಟ್ ತೊಳದ್ರೂ ನೊರಿ ಹೋಗವಲ್ದು” ಅಂದರು. ಸ್ಟೋರಿನವರು ಹಳೆಯದು ಸಿಗಲಿಲ್ಲ ಅಂತ ಬೇರೆ ಡಿಟರ್ಜೆಂಟ್ ಕಳಿಸಿದ್ದರು. ಕ್ಯಾನಿನ ಮೇಲೆ ಒಳಗೇನಿದೆ ಅಂತ ಬರೆದಿರಲಿಲ್ಲ. ಡಿಟರ್ಜೆಂಟು ಅಂದ ಕೂಡಲೇ ಗೈಡ್ ಮುಖ ನೋಡಬೇಕಿತ್ತು. ನೋನಿಲ್‌ಫಿನಾಲ್ ಎಥಾಕ್ಸಿಲೇಟ್ ಅನ್ನೋದು ಎಷ್ಟೋ ಡಿಟರ್ಜೆಂಟ್‌ಗಳಲ್ಲಿ ಬಳಸುತ್ತಾ ಬಂದಿರುವ ವಸ್ತು, ಅದು ಒಡೆದರೆ ನೋನಿಲ್‌ಫಿನಾಲ್ ಬರುತ್ತದೆ. ಸೋಟೊ ಅವರ ಟ್ಯೂಬಿನದ್ದೇ ಸಂಬಂಧಿಕ.

ಅವತ್ತೇ ಒಂದೇ ಮೀಡಿಯಾವನ್ನು ಎರಡು ಭಾಗ ಮಾಡಿದೆವು. ಒಂದು ಆ ಸೋಪಿನಲ್ಲಿ ತೊಳೆದ ಬಾಟಲಿಗೆ, ಇನ್ನೊಂದು ಹೊಚ್ಚಹೊಸ ಬಾಟಲಿಗೆ. ಮೊದಲನೆಯದರಲ್ಲಿ ಕೋಶ ಬೆಳೆದವು, ಎರಡನೆಯದರಲ್ಲಿ ಇಲ್ಲ. ಗೈಡ್ ಅಷ್ಟಕ್ಕೆ ಒಪ್ಪಲಿಲ್ಲ. ಈಸ್ಟ್ರೋಜೆನ್ ಕೂರುವ ಜಾಗವನ್ನೇ ಮುಚ್ಚಿಬಿಡುವ ಫುಲ್ವೆಸ್ಟ್ರಾಂಟ್ ಹಾಕಿ ನೋಡು ಅಂದರು. ಅದು ಕ್ಯಾನ್ಸರ್‌ಗೆ ಕೊಡುವ ಔಷಧಿ. ಹಾಕಿದೆ. ಬೆಳವಣಿಗೆ ನಿಂತಿತು. ಅಂದರೆ ಬಾಟಲಿಯಿಂದ ಬರುತ್ತಿದ್ದದ್ದು ಈಸ್ಟ್ರೋಜೆನ್ ದಾರಿಯಲ್ಲೇ ಕೆಲಸ ಮಾಡುತ್ತಿತ್ತು. ಅದು ನೋನಿಲ್‌ಫಿನಾಲೇ ಅಂತ ನಾವು ಸಾಬೀತು ಮಾಡಲಿಲ್ಲ, ಅದಕ್ಕೆ ಬೇಕಾದ ಮಷಿನ್ನೂ ನಮ್ಮಲ್ಲಿಲ್ಲ. ಸೋಪು ಬದಲಾಯಿತು, ಮೆಥನಾಲ್‌ನಲ್ಲಿ ಒಂದು ತೊಳೆತ ಜಾಸ್ತಿಯಾಯಿತು, ಕಂಟ್ರೋಲ್ ಸಾಲು ಮತ್ತೆ ತಿಳಿಯಾಯಿತು. ಥೀಸಿಸ್‌ನ ಮೂರನೇ ಅಧ್ಯಾಯ ಇರೋದೇ ಅಕ್ಕನಿಂದ. ವೈವಾದಲ್ಲಿ ಪರೀಕ್ಷಕರು ಜಾಸ್ತಿ ಹೊತ್ತು ಕೇಳಿದ್ದೂ ಅದನ್ನೇ.

ಗೈಡ್ ಬಗ್ಗೆ ಇನ್ನೊಂದು ಮಾತು. ಸ್ಯಾಂಪಲ್ ಟ್ಯೂಬುಗಳಿಗೆ ಅವರೇ ನಂಬರ್ ಹಾಕಿ ಕೊಡುತ್ತಿದ್ದರು, ಯಾವುದರಲ್ಲಿ ಏನಿದೆ ಅಂತ ಲೆಕ್ಕ ಮುಗಿಯುವವರೆಗೂ ಹೇಳುತ್ತಿರಲಿಲ್ಲ. ಆಗ ಬೇಜಾರಾಗುತ್ತಿತ್ತು. ಈಗ ನನ್ನ ಗ್ರಾಫ್ ನಾನೇ ನಂಬುತ್ತೇನೆ, ಅದು ಸಣ್ಣ ಸಂಗತಿ ಅಲ್ಲ.

ಪ್ರಾಣಿಮನೆಯ ಅಣ್ಣನಿಗೂ ಥ್ಯಾಂಕ್ಸ್. ಇನ್ನೂ ಪ್ರಾಯಕ್ಕೆ ಬರದ ಹೆಣ್ಣು ಇಲಿಗಳಿಗೆ ಮೂರು ದಿನ ವಸ್ತು ಕೊಟ್ಟು, ನಾಲ್ಕನೇ ದಿನ ಗರ್ಭಕೋಶ ತೂಗುವ ಪರೀಕ್ಷೆ ಇದೆ, ಈಸ್ಟ್ರೋಜೆನ್‌ನಂಥದ್ದು ಸಿಕ್ಕಿದ್ದರೆ ತೂಕ ಹೆಚ್ಚಿರುತ್ತದೆ. ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ 2007ರಲ್ಲಿ ಅದಕ್ಕೆ ನಿಯಮಾವಳಿ ಮಾಡಿತು. ತೂಕ ಮಿಲಿಗ್ರಾಂ ಲೆಕ್ಕದಲ್ಲಿ. ಆಹಾರದಲ್ಲಿ ಸೋಯಾ ಜಾಸ್ತಿ ಇದ್ದರೆ ಅದೂ ಕೆಡುತ್ತದೆ. ಅಣ್ಣ ಪ್ರತಿ ಚೀಲದ ಲೇಬಲ್ ಓದಿ ಫೋಟೊ ಕಳಿಸುತ್ತಿದ್ದರು. ಗೀರು ಬಿದ್ದ, ಮಸುಕಾದ ಪಂಜರಗಳನ್ನು ನಮಗೆ ಕೊಡುತ್ತಲೇ ಇರಲಿಲ್ಲ. 1998ರಲ್ಲಿ ಅಮೆರಿಕದ ಪ್ಯಾಟ್ ಹಂಟ್ ಅವರ ಲ್ಯಾಬಿನಲ್ಲಿ ತಪ್ಪು ಡಿಟರ್ಜೆಂಟ್‌ನಿಂದ ಪಂಜರಗಳು ಹಾಳಾಗಿ, ಬಿಸ್ಫಿನಾಲ್ ಎ ಸೋರಿ, ಇಲಿಗಳ ಅಂಡಾಣುಗಳ ಕ್ರೋಮೋಸೋಮು ಎಡವಟ್ಟಾದ ಕಥೆ ಅಣ್ಣನಿಗೆ ನನಗಿಂತ ಚೆನ್ನಾಗಿ ಗೊತ್ತು. ಇಲಿಗಳಿಗೆ ಏನು ಹೇಳಬೇಕೋ ನನಗೆ ತಿಳಿಯದು. ಥ್ಯಾಂಕ್ಸ್ ಅನ್ನುವುದು ಸರಿ ಕಾಣುವುದಿಲ್ಲ, ಅವೇನೂ ಒಪ್ಪಿ ಬಂದವಲ್ಲ.

ಇನ್ನು ನೆಂಟರು. ಯಾವ ಶ್ಯಾಂಪೂ ಒಳ್ಳೇದು ಅಂತ ಕೇಳದ ಮದುವೆಮನೆ ಇಲ್ಲ. ಪ್ಲೇಟಿನಲ್ಲಿರುವ ಕೋಶಕ್ಕೆ ಇಂಥದ್ದನ್ನೆಲ್ಲ ಒಡೆದುಹಾಕುವ ಲಿವರ್ ಇಲ್ಲ ಅತ್ತೆ, ಅಲ್ಲಿ ಕಂಡದ್ದೆಲ್ಲ ಮೈಯಲ್ಲಿ ಆಗುತ್ತೆ ಅಂತಿಲ್ಲ, ಅಂದರೆ ಮುಖ ಸಪ್ಪಗಾಗುತ್ತದೆ. ಒಂದು ವಿಷಯ ಮಾತ್ರ ಎಲ್ಲರೂ ಕೇಳಿಸಿಕೊಂಡರು, ಅದಕ್ಕೆ ಋಣಿ. ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ನುಂಗುವವರು ಥೈರಾಯ್ಡ್ ಟೆಸ್ಟಿಗೆ ಹೋಗುವ ಮುಂಚೆ ಡಾಕ್ಟರಿಗೆ ಹೇಳಬೇಕು. ಹೆಚ್ಚು ಬಯೋಟಿನ್ ಇದ್ದರೆ ಕೆಲವು ಟೆಸ್ಟುಗಳ ಫಲಿತಾಂಶವೇ ತಪ್ಪಾಗಿ ಬರುತ್ತದೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಈಗ ನಮ್ಮ ಕಡೆ ಚಿಕ್ಕಮ್ಮಂದಿರು ರಕ್ತ ಕೊಡುವ ಮುಂಚೆ ನನಗೆ ಫೋನ್ ಮಾಡುತ್ತಾರೆ.

ಅಪ್ಪ ಅಮ್ಮನಿಗೆ ಇಲ್ಲಿ ಬರೆದರೆ ಓದುವುದಿಲ್ಲ. ಅವರಿಗೆ ಮನೆಯಲ್ಲೇ ಹೇಳಿದ್ದೇನೆ.

ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ: ಲಿಕ್ವಿಡ್ ನೈಟ್ರೋಜನ್ ಕ್ಯಾನಿನಲ್ಲಿ ನೀಲಿ ಮುಚ್ಚಳದ ಕೋಶದ ವಯಲ್‌ಗಳು ನಿಮಗೆ, ಪ್ಯಾಸೇಜ್ ನಂಬರ್ (ಎಷ್ಟು ಸಲ ಹೊಸ ಫ್ಲಾಸ್ಕಿಗೆ ಬದಲಿಸಿ ಬೆಳೆಸಿದ್ದು ಅಂತ) ಬರೆದಿದೆ. ತೊಂದರೆ ಕೊಡದ ಹಳೇ ಸೋಪಿನ ಕ್ಯಾನುಗಳು ಸಿಂಕಿನ ಕೆಳಗಿವೆ. ಮುಗಿಯುವ ಮೊದಲೇ ಇಂಡೆಂಟ್ ಹಾಕಿ, ಬೇರೆ ಬ್ರ್ಯಾಂಡ್ ಬಂದರೆ ಅಕ್ಕನಿಗೆ ತೋರಿಸದೆ ಸಹಿ ಮಾಡಬೇಡಿ. ಧಾರವಾಡ ಪೇಢೆ ಆಫೀಸಿನಲ್ಲಿದೆ, ಲ್ಯಾಬಿನ ಫ್ರಿಜ್ಜಿನಲ್ಲಿ ಇಟ್ಟಿಲ್ಲ, ಧೈರ್ಯವಾಗಿ ತಿನ್ನಿ.