ಈ ವಾರದ ಕ್ರಿಯಾಪದ: ‘ಕೆದಾರ್’
ಎಲ್ಲರಿಗೂ ನಮಸ್ಕಾರ. ಈ ವಾರ ಸ್ಪ್ಯಾನಿಷ್‌ನ ‘ಕೆದಾರ್’ (quedar) ನೋಡೋಣ. ಕ್ಯೂ ಅಕ್ಷರ ಕಂಡ ಕೂಡಲೇ ‘ಕ್ವೆದಾರ್’ ಅನ್ನಬೇಡಿ, ಪ್ಲೀಸ್. ಮೂಲ ಅರ್ಥ ಉಳಿಯುವುದು. ‘ನೊ ಕೆದಾ ಪಾನ್’ ಅಂದರೆ ಬ್ರೆಡ್ ಖಾಲಿ. ಇಷ್ಟು ಸುಲಭ.

ಮಜಾ ಇರುವುದು ಮುಂದೆ. ಸ್ಪೇನ್‌ನ ಗೆಳೆಯರಿಂದ ‘ಕೆದಾಮೋಸ್ ಆ ಲಾಸ್ ಓಚೊ?’ ಎಂದು ಮೆಸೇಜ್ ಬಂದರೆ ಎಂಟಕ್ಕೆ ಸಿಗೋಣ್ವಾ ಎಂದರ್ಥ, ಎಂಟರವರೆಗೆ ಇಲ್ಲೇ ಇರೋಣ ಅಂತಲ್ಲ.

ಬಟ್ಟೆ ಅಂಗಡಿಯಲ್ಲಂತೂ ಇದು ಬೇಕೇ ಬೇಕು. ಶರ್ಟ್ ದೊಡ್ಡದಾದರೆ ‘ಮೆ ಕೆದಾ ಗ್ರಾಂದೆ’, ಶೂ ದೊಡ್ಡದಾದರೆ ‘ಮೆ ಕೆದಾನ್ ಗ್ರಾಂದೆಸ್’, ಯಾಕೆಂದರೆ ಶೂ ಎರಡು, ಕ್ರಿಯಾಪದ ಬದಲಾಗುವುದು ವಸ್ತುವಿಗೆ ತಕ್ಕಂತೆ, ಹಾಕಿಕೊಂಡವರಿಗೆ ತಕ್ಕಂತೆ ಅಲ್ಲ. ‘ನನಗೆ ಶರ್ಟ್ ದೊಡ್ಡದಾಗುತ್ತೆ’ ಅಂತ ನಾವೂ ಹೇಳುವುದು ಹಾಗೇ ಅಲ್ವಾ? ಇಂಗ್ಲಿಷ್ ಮೂಲಕ ಸುತ್ತಿ ಬಂದರೆ ಸುಮ್ನೆ ತಲೆಬಿಸಿ. ಹಿಡಿಸಿದರೆ ‘ಮೆ ಲೊ ಕೆದೊ’ ಅನ್ನಿ, ಇದನ್ನೇ ತಗೋತೀನಿ ಎಂದು.

ಲ್ಯಾಟಿನ್ ಅಮೆರಿಕದಲ್ಲಿ ದಾರಿ ಕೇಳುವಾಗಲೂ ಇದೇ ಜಾಸ್ತಿ: ‘ದೋಂದೆ ಕೆದಾ ಎಲ್ ಬಾಂಕೊ?’, ಬ್ಯಾಂಕ್ ಎಲ್ಲಿದೆ?

ಭಾನುವಾರದೊಳಗೆ ಎಲ್ಲರೂ ಎರಡೆರಡು ವಾಕ್ಯ ವಾಯ್ಸ್ ನೋಟ್‌ನಲ್ಲಿ ಹಾಕಿ. ಬರೀ ಥಂಬ್ಸ್ ಅಪ್ ನಡೆಯಲ್ಲ.