ಒಡವೆಗೆ ಬೆಲೆ ಕಟ್ಟಿಸುವಾಗ ಶುಲ್ಕ ಯಾವುದಕ್ಕೆ?

ಸಂಪಾದಕರಿಗೆ,

ಮಾನ್ಯರೇ,

ಒಡವೆಗೆ ಬೆಲೆ ಕಟ್ಟಿಸಲು ಹೋದವರು ಮೊದಲು ಕೇಳುವುದು ‘ಎಷ್ಟಾಗುತ್ತದೆ?’ ಎಂದು. ‘ಯಾವ ಲೆಕ್ಕದಲ್ಲಿ?’ ಎಂದು ಕೇಳುವವರು ಕಡಿಮೆ. ಗಂಟೆಗೆ ಇಷ್ಟು, ಒಂದು ಒಡವೆಗೆ ಇಷ್ಟು, ಹರಳಿಗೆ ಇಷ್ಟು ಎಂದರೆ ಸರಿ. ಒಡವೆಯ ಬೆಲೆಯಲ್ಲಿ ಶೇಕಡಾ ಇಷ್ಟು ಎಂದರೆ ಒಡವೆ ತೆಗೆದುಕೊಂಡು ಎದ್ದು ಬರುವುದೇ ಒಳ್ಳೆಯದು. ಬೆಲೆ ಏರಿದಷ್ಟೂ ಬೆಲೆ ಕಟ್ಟುವವರ ಗಳಿಕೆಯೂ ಏರುತ್ತದೆ. ಅಂಥ ಕೈಗೆ ತಕ್ಕಡಿ ಕೊಡಬಾರದು. ಅಮೆರಿಕದ ಮೌಲ್ಯಮಾಪಕರ ಯುಎಸ್‌ಪಿಎಪಿ ನಿಯಮಾವಳಿ ಇಂಥ ಶುಲ್ಕವನ್ನು ನಿಷೇಧಿಸಿದೆ. ಉಂಗುರದ ಮಾಣಿಕ್ಯ ಕೃತಕವೆಂದು ಗೊತ್ತಾದರೂ ಪರೀಕ್ಷೆಗೆ ಹಿಡಿದ ಹೊತ್ತು ಹಿಡಿದೇ ಇರುತ್ತದೆ. ಶುಲ್ಕ ಆ ಹೊತ್ತಿಗೆ, ಒಡವೆಯ ಬೆಲೆಗಲ್ಲ.

‘ಉಚಿತವಾಗಿ ನೋಡಿ ಹೇಳುತ್ತೇವೆ’ ಎನ್ನುವವರು ಸಾಮಾನ್ಯವಾಗಿ ಒಡವೆಯನ್ನು ಕೊಳ್ಳಲು ಕೂತವರು. ಅವರು ಹೇಳುವುದು ಕೊಳ್ಳುವ ದರ. ಅದನ್ನು ಮೌಲ್ಯಮಾಪನ ಎಂದುಕೊಂಡರೆ ತಪ್ಪು ನಮ್ಮದು.

ಯಾವ ಕೆಲಸಕ್ಕೆ ವರದಿ ಬೇಕು ಎಂಬುದನ್ನೂ ಮೊದಲೇ ಹೇಳಬೇಕು, ಏಕೆಂದರೆ ಒಂದೇ ಬಳೆಗೆ ಮೂರು ಪ್ರಾಮಾಣಿಕ ಬೆಲೆಗಳಿರಬಹುದು. ವಿಮೆಗೆ ಬೇಕಾದದ್ದು ಅಂಥದ್ದೇ ಇನ್ನೊಂದನ್ನು ಅಂಗಡಿಯಲ್ಲಿ ಹೊಸದಾಗಿ ಕೊಳ್ಳಲು ತಗಲುವ ಬೆಲೆ. ಆಸ್ತಿ ಪಾಲಿಗೆ ಬೇಕಾದದ್ದು ಮಾರುಕಟ್ಟೆ ಬೆಲೆ, ಅಂದರೆ ಅವಸರವಿಲ್ಲದ ಮಾರುವವನೂ ಕೊಳ್ಳುವವನೂ ಒಪ್ಪುವ ಬೆಲೆ. ತಕ್ಷಣ ಮಾರಿದರೆ ಕೈಗೆ ಬರುವುದು ಅದಕ್ಕಿಂತಲೂ ಕಡಿಮೆ. ವಿಮೆಯ ವರದಿ ಹಿಡಿದು ಪಾಲು ಮಾಡಿದರೆ ಒಡವೆ ಪಡೆದವರಿಗೆ ನಷ್ಟ. ವಿಮೆಗೆಂದು ಬೆಲೆ ಉಬ್ಬಿಸಿ ಬರೆಸಿಕೊಂಡರೆ ಕಂತು ಹೆಚ್ಚು ಕಟ್ಟುತ್ತೀರಿ. ಕಳೆದಾಗ ಕಂಪನಿ ಅಂಥದ್ದೇ ಒಡವೆಯನ್ನು ತನಗೆ ಸಿಗುವ ಕಡಿಮೆ ದರದಲ್ಲಿ ಕೊಡಿಸಿ ಕೈತೊಳೆದುಕೊಳ್ಳಬಹುದು.

ಹರಳಿಲ್ಲದ ಚಿನ್ನದ ಸರಕ್ಕೆ ಹೆಚ್ಚು ಹೊತ್ತು ಬೇಡ. ಆದರೂ ಮುದ್ರೆ ನೋಡಿ ಬರೆದುಬಿಡುವುದು ಪರೀಕ್ಷೆಯಲ್ಲ. 22 ಕ್ಯಾರೆಟ್ ಎಂದರೆ ಶೇ 91.6 ಚಿನ್ನ, 18 ಎಂದರೆ ಶೇ 75. ಎಕ್ಸ್‌ರೇ ಯಂತ್ರ ಓದುವುದು ಮೇಲ್ಮೈಯ ಕೆಲವೇ ಮೈಕ್ರಾನ್ ಆಳವನ್ನು. ದಪ್ಪ ಲೇಪನವಿದ್ದರೆ ಅದು ಲೇಪನವನ್ನೇ ಚಿನ್ನವೆಂದು ತೋರಿಸುತ್ತದೆ; ಬೆಸುಗೆಯ ಮೇಲೆ ಇಟ್ಟರೆ ಶುದ್ಧತೆ ಕಡಿಮೆ ಕಾಣುತ್ತದೆ. ಹಾಗಾಗಿ ಕೊಂಡಿ, ನಡುಭಾಗ, ಹಿಂಬದಿ ಹೀಗೆ ಕನಿಷ್ಠ ಮೂರು ಕಡೆ ನೋಡಬೇಕು. ನೀರಿನಲ್ಲಿ ತೂಗಿ ಸಾಂದ್ರತೆ ನೋಡುವ ಹಳೆಯ ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ, ಆದರೆ ಟಂಗ್‌ಸ್ಟನ್ ಅದನ್ನೂ ವಂಚಿಸುತ್ತದೆ: ಅದರ ಸಾಂದ್ರತೆ 19.25, ಚಿನ್ನದ್ದು 19.3. ಒಳಗೆ ಅರಗು ತುಂಬಿದ ಟೊಳ್ಳು ಒಡವೆಯಲ್ಲಿ ಒಟ್ಟು ತೂಕವನ್ನೇ ಚಿನ್ನದ ತೂಕವೆಂದು ಬರೆದ ವರದಿ ಕಸದಬುಟ್ಟಿಗೆ. ಕರಗಿಸಿ ನೋಡುವ ಪರೀಕ್ಷೆ ಎಲ್ಲಕ್ಕಿಂತ ಖಚಿತ, ಆದರೆ ಒಡವೆಯಿಂದ ಒಂದು ಚೂರು ಕತ್ತರಿಸಿ ತೆಗೆಯಬೇಕು.

ಹೊತ್ತು ತಿನ್ನುವುದು ಹರಳು. ಒಡವೆಯಲ್ಲಿ ಕಟ್ಟಿದ ವಜ್ರವನ್ನು ತೂಗಲಾಗದು, ಅಳೆದು ಅಂದಾಜು ಮಾಡಬೇಕು. ದುಂಡು ವಜ್ರಕ್ಕೆ ವ್ಯಾಸ × ವ್ಯಾಸ × ಆಳ × 0.0061 ಎಂಬುದು ಸೂತ್ರ, ಅಳತೆ ಮಿಲಿಮೀಟರ್‌ನಲ್ಲಿ. ವ್ಯಾಸ 6.5, ಆಳ 3.95 ಆದರೆ ಸುಮಾರು 1.02 ಕ್ಯಾರೆಟ್ (ಹರಳಿನಲ್ಲಿ ಕ್ಯಾರೆಟ್ ಎಂದರೆ ತೂಕ, ಚಿನ್ನದಂತೆ ಶುದ್ಧತೆಯಲ್ಲ), ಅಂದರೆ 0.2 ಗ್ರಾಂಗಿಂತ ತುಸು ಹೆಚ್ಚು. ಹಿಂಬದಿ ಮುಚ್ಚಿದ ಕಟ್ಟಿನಲ್ಲಿ ಆಳವನ್ನು 3.75 ಎಂದು ಊಹಿಸಿದರೆ ಉತ್ತರ 0.97. ಒಂದು ಕ್ಯಾರೆಟ್ ಗೆರೆಯಲ್ಲಿ ವಜ್ರದ ಕ್ಯಾರೆಟ್ ದರವೇ ಜಿಗಿಯುವುದರಿಂದ, 0.2 ಮಿಲಿಮೀಟರ್ ತಪ್ಪು ಬೆಲೆಯನ್ನೇ ಅಡಿಮೇಲು ಮಾಡುತ್ತದೆ. ಕಟ್ಟಿನ ಲೋಹದ ಬಣ್ಣ ಹರಳಿನ ಮೇಲೆ ಬೀಳುವುದರಿಂದ ಬಣ್ಣದ ದರ್ಜೆಯನ್ನೂ ‘ಇದರಿಂದ ಇದರವರೆಗೆ’ ಎಂದೇ ಬರೆಯಬೇಕಾಗುತ್ತದೆ. ದೊಡ್ಡ ಹರಳಾದರೆ ಬಿಚ್ಚಿಸುವುದು ಲೇಸು. ಬಿಚ್ಚಿ ಮತ್ತೆ ಕಟ್ಟುವ ಕೂಲಿ ಬೇರೆ. ಆಗ ಹರಳು ಮುಕ್ಕಾದರೆ ಹೊಣೆ ಯಾರದೆಂದು ಬರೆಸಿಕೊಂಡೇ ಒಡವೆ ಒಪ್ಪಿಸಿ.

ಶಾಖ ನೋಡುವ ಪೆನ್ ಆಕಾರದ ವಜ್ರ ಪರೀಕ್ಷಕಕ್ಕೆ, ವಜ್ರದಂತೆ ಕಾಣುವ ಬೇರೆ ಹರಳಾದ ಮೊಯ್ಸನೈಟ್ ಕೂಡ ವಜ್ರವೇ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವಂತೂ ನಿಜಕ್ಕೂ ವಜ್ರ. ಅದನ್ನು ಗಣಿ ವಜ್ರದಿಂದ ಬೇರೆ ಮಾಡಲು ಬೆಳಕನ್ನು ಬಿಡಿಸಿ ನೋಡುವ ರೋಹಿತ ಪರೀಕ್ಷೆಯ ಉಪಕರಣ ಬೇಕು. ಮಾಣಿಕ್ಯದ ಬಿರುಕಿಗೆ ಸೀಸದ ಗಾಜು, ಪಚ್ಚೆಯ ಬಿರುಕಿಗೆ ಎಣ್ಣೆ ತುಂಬಿರುತ್ತಾರೆ. ಎಷ್ಟು ತುಂಬಿದೆ ಎಂಬುದರ ಮೇಲೆ ಬೆಲೆ ನಿಂತಿದೆ. ಹರಳನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಬೇಕಾದಾಗ ಅಲ್ಲಿನ ಶುಲ್ಕ, ಸಾಗಣೆ, ದಾರಿಯ ವಿಮೆ ಮೂರೂ ಬಿಲ್ಲಿಗೆ ಸೇರುತ್ತವೆ. ಅಲ್ಲಿಂದ ಬರುವ ದರ್ಜೆ ಪತ್ರವನ್ನು ಬೆಲೆಪತ್ರ ಎಂದು ತಿಳಿಯುವವರಿದ್ದಾರೆ. ಹರಳಿಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಜಿಐಎಯ ಪತ್ರದಲ್ಲಿ ಹಣದ ಅಂಕಿಯೇ ಇರುವುದಿಲ್ಲ.

ಖರ್ಚು ಇಳಿಸುವ ದಾರಿ ಇದೆ. ಹಳೆಯ ರಸೀದಿ, ದರ್ಜೆ ಪತ್ರ, ಹಿಂದಿನ ವರದಿ ಎಲ್ಲವನ್ನೂ ಜೊತೆಗೆ ಒಯ್ಯಿರಿ. ವಜ್ರದ ನಡುವಂಚಿನಲ್ಲಿ ಲೇಸರ್‌ನಿಂದ ಕೊರೆದ ಸಂಖ್ಯೆಯನ್ನು ಭೂತಗನ್ನಡಿಯಲ್ಲಿ ಪತ್ರದೊಂದಿಗೆ ತಾಳೆ ನೋಡಿದರೆ ದರ್ಜೆ ಕಟ್ಟುವ ಕೆಲಸವೇ ತಪ್ಪುತ್ತದೆ. ಸೋಪು, ಎಣ್ಣೆಯ ಜಿಡ್ಡನ್ನು ಮೊದಲೇ ತೊಳೆದಿರಬೇಕು. ಮುತ್ತು, ಪಚ್ಚೆ, ಓಪಲ್ ಇದ್ದರೆ ಮಾತ್ರ ಕಂಪನದಿಂದ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿಸಬೇಡಿ. ಬರೀ ಲೋಹದ ಬೆಲೆಯಷ್ಟೇ ಬಾಳುವ ಸಣ್ಣಪುಟ್ಟ ಒಡವೆಗಳನ್ನು ಒಂದೇ ಪಟ್ಟಿಯಲ್ಲಿ ತೂಕ, ಶುದ್ಧತೆ ಬರೆಸಿದರೆ ಸಾಕು, ಒಂದೊಂದಕ್ಕೂ ಬೇರೆ ವರದಿ ದಂಡ. ಮೂರರಿಂದ ಐದು ವರ್ಷಕ್ಕೊಮ್ಮೆ ಬೆಲೆ ಪರಿಷ್ಕರಿಸುವಾಗ ವಿವರಣೆ ಸಿದ್ಧವಿರುವುದರಿಂದ, ಅದೇ ಮೌಲ್ಯಮಾಪಕರ ಬಳಿ ಶುಲ್ಕ ಇಳಿಸಿ ಕೇಳಬಹುದು.

ದುಡ್ಡು ಕೊಡುವ ಮುನ್ನ ವರದಿ ತೆರೆದು ನೋಡಿ. ಒಟ್ಟು ತೂಕ, ಹರಳು ಕಳೆದ ನಿವ್ವಳ ತೂಕ, ಲೋಹದ ಶುದ್ಧತೆ ಮತ್ತು ಅದನ್ನು ಕಂಡುಕೊಂಡ ವಿಧಾನ, ಹರಳಿನ ಅಳತೆ, ತೂಗಿದ್ದೋ ಅಂದಾಜೋ ಎಂಬ ಮಾತು, ಬೆಲೆಯ ಬಗೆ, ದಿನಾಂಕ, ಫೋಟೊ, ಸಹಿ ಇರಬೇಕು. ‘ಒಂದು ಚಿನ್ನದ ಉಂಗುರ, ಬಿಳಿ ಹರಳು’ ಎಂದಷ್ಟೇ ಇದ್ದರೆ ವಾಪಸು ಕೊಟ್ಟು ಸರಿಯಾಗಿ ಬರೆಸಿ. ಒಡವೆ ಒಂದು ದಿನ ಅವರಲ್ಲೇ ಉಳಿಯುವುದಾದರೆ ತೂಕ, ಫೋಟೊ ಇರುವ ಸ್ವೀಕೃತಿ ಚೀಟಿ ಪಡೆಯಿರಿ. ಮರಳಿ ಪಡೆಯುವಾಗ ಅದೇ ತಕ್ಕಡಿಯಲ್ಲಿ ಎದುರಿಗೇ ತೂಗಿಸಿಕೊಳ್ಳಿ.

ಇಂತಿ,
ಒಡವೆ ಮೌಲ್ಯಮಾಪನ ವೃತ್ತಿಯಲ್ಲಿರುವ ಓದುಗರು