ಟ್ಯಾಂಕ್ ಖಾಲಿ, ಲೈಟ್ ಮಾತ್ರ ಭರ್ತಿ

ಮಾನ್ಯ ಸಂಪಾದಕರೇ,

ಗೋಕರ್ಣದ ಕಡೆ ಸಮುದ್ರದ ದಂಡೆಯಲ್ಲಿ, ಒಳಗೇ ಅಡುಗೆ, ಟಾಯ್ಲೆಟ್ ಎಲ್ಲ ಇರುವ ಕ್ಯಾರವಾನ್‌ಗಳು ಸಾಲಾಗಿ ನಿಂತ ಫೋಟೊ ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ಚೆನ್ನಾಗಿತ್ತು. ಹಿಂದೆ ಕಡಲು, ಮುಂದೆ ಮಡಚುವ ಕುರ್ಚಿ, ಕೈಯಲ್ಲಿ ಚಹಾ ಲೋಟ. ಆದರೆ ಅದೇ ಗಾಡಿಯ ಹೊಟ್ಟೆಯಡಿ ಎರಡು ಕೊಳೆನೀರಿನ ಟ್ಯಾಂಕ್ ಇರುತ್ತವಲ್ಲ, ಅವುಗಳ ಫೋಟೊ ಯಾರೂ ತೆಗೆಯುವುದಿಲ್ಲ. ಈ ಪತ್ರ ಅವುಗಳ ಬಗ್ಗೆ. ತಿಂಡಿ ತಿನ್ನುತ್ತಾ ಪೇಪರ್ ಓದುವವರು ದಯವಿಟ್ಟು ತಿಂಡಿ ಮುಗಿಸಿಕೊಂಡು ಬನ್ನಿ.

ನಮ್ಮದು ಶಿರಸಿ. ಎರಡು ವರ್ಷದ ಹಿಂದೆ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕ್ಯಾರವಾನ್ ಮಾಡಿಸಿದೆವು. ಹುಚ್ಚು ಮಗನದು, ದುಡ್ಡು ನನ್ನದು. ದೂರದ ಊರಿನ ಒಂದು ವರ್ಕ್‌ಶಾಪಿನವರು ಮಾಡಿಕೊಟ್ಟರು. ಪಾಯಖಾನೆಗೆ 40 ಲೀಟರಿನ ಟ್ಯಾಂಕ್, ಅಡುಗೆ ಮತ್ತು ಸ್ನಾನದ ನೀರಿಗೆ 60 ಲೀಟರಿನದು. ಬಾಗಿಲ ಪಕ್ಕ ಒಂದು ಪ್ಯಾನೆಲ್, ಅದರಲ್ಲಿ ಪ್ರತಿ ಟ್ಯಾಂಕಿಗೆ ನಾಲ್ಕು ಲೈಟು. ಖಾಲಿ, ಮೂರನೇ ಒಂದು ಭಾಗ, ಮೂರನೇ ಎರಡು ಭಾಗ, ಭರ್ತಿ. ಗುಂಡಿ ಒತ್ತಿದರೆ ಹತ್ತುತ್ತವೆ. ಮೊದಲ ತಿಂಗಳು ಮನೆಗೆ ಬಂದವರಿಗೆಲ್ಲ ಆ ಲೈಟನ್ನೇ ತೋರಿಸಿದ್ದು.

ಮೂರನೇ ತಿಂಗಳಿಗೆ ಲೈಟು ಸುಳ್ಳು ಹೇಳಲು ಶುರುಮಾಡಿತು. ಬೆಳಿಗ್ಗೆ ಶಿರಸಿಯಲ್ಲಿ ನಮ್ಮ ಮನೆಯ ಸೆಪ್ಟಿಕ್ ಟ್ಯಾಂಕಿನ ಚೇಂಬರಿಗೆ ಎಲ್ಲ ಖಾಲಿ ಮಾಡಿ, ದೇವಿಮನೆ ಘಟ್ಟ ಇಳಿದು ಅಘನಾಶಿನಿ ಹೊಳೆಯ ದಂಡೆಗೆ ಬಂದೆವು. ಸಂಜೆ ಗುಂಡಿ ಒತ್ತಿದರೆ ಪಾಯಖಾನೆ ಟ್ಯಾಂಕ್ ಭರ್ತಿ! ಗಾಡಿಯಲ್ಲಿ ಸೊಸೆ, ಇಬ್ಬರು ಮೊಮ್ಮಕ್ಕಳು. ರಾತ್ರಿ ಉಕ್ಕಿ ಬಂದರೆ ಏನು ಗತಿ ಅಂತ ಹೆದರಿಕೆ ಆಯಿತು. ಕತ್ತಲಾಗುತ್ತಾ ಬಂದಿತ್ತು, ಯಾರೂ ಇರಲಿಲ್ಲ ಅಂದುಕೊಂಡೆ. ಪೈಪು ಹಿಡಿದು ಹೊಳೆಯ ಕಡೆ ಇಳಿದೆ. ಸಂಪಾದಕರೇ, ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಮೊಣಕಾಲು ನೀರಿನಲ್ಲಿ ಚಿಪ್ಪುಮೀನಿನ ಬುಟ್ಟಿ ಹಿಡಿದು ನಿಂತಿದ್ದ ಒಬ್ಬ ಅಜ್ಜಿ ನನ್ನನ್ನೂ ಪೈಪನ್ನೂ ನೋಡಿ ಹೇಳಿದ್ದು ಇಷ್ಟೇ: "ತಮಾ, ನಾವು ಬೆಳಚು ಹೆಕ್ಕೂದು ಇಲ್ಲೇ."

ಪೈಪು ಸುತ್ತಿಕೊಂಡು ವಾಪಸ್ ಬಂದೆ. ರಾತ್ರಿಯೆಲ್ಲ ಯಾರೂ ಟಾಯ್ಲೆಟ್ಟಿಗೆ ಹೋಗಲಿಲ್ಲ. ಮರುದಿನ ಟಾರ್ಚ್ ಹಿಡಿದು ಕಮೋಡಿನೊಳಗೆ ಇಣುಕಿದರೆ ತಳದಲ್ಲಿ ಎರಡು ಚೆಂಬು ನೀರೂ ಇರಲಿಲ್ಲ.

ಹೊಳೆ ಕಡಲು ಸೇರುವ ಆ ಅಳಿವೆ ರಾಮ್‌ಸರ್ ಪಟ್ಟಿಗೆ, ಅಂದರೆ ಲೋಕದ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಜಾಗ ಅನ್ನುವುದು ನನಗೆ ಆಮೇಲೆ ಗೊತ್ತಾದದ್ದು. ಅಲ್ಲಿನ ಹೆಂಗಸರು ನೀರು ಇಳಿದಾಗ ಬೆಳಚು ತೆಗೆದು ಮಾರಿ ಮನೆ ನಡೆಸುತ್ತಾರೆ ಅನ್ನುವುದು ಮಾತ್ರ ಚಿಕ್ಕಂದಿನಿಂದ ಗೊತ್ತಿತ್ತು. ಬೆಳಚು ಅನ್ನುವ ಈ ಚಿಪ್ಪುಮೀನು ನೀರನ್ನು ಸೋಸಿಕೊಂಡೇ ಬದುಕುವ ಪ್ರಾಣಿ. ನೀರಿಗೆ ನಾವು ಏನು ಬಿಡುತ್ತೇವೋ ಅದು ಅದರ ಹೊಟ್ಟೆಯಲ್ಲಿ ಸೇರಿ, ನಾಳೆ ಸುಕ್ಕಾ ಆಗಿ ನಮ್ಮ ತಟ್ಟೆಗೇ ಬರುತ್ತದೆ. ಗೊತ್ತಿದ್ದೂ ಒಂದು ಲೈಟಿನ ಮಾತು ಕೇಳಿ ಇಳಿದುಬಿಟ್ಟಿದ್ದೆ. ಕ್ಯಾರವಾನಿನವರು ಎಲ್ಲೆಂದರಲ್ಲಿ ಬಿಡುತ್ತಾರೆ ಅಂತ ಬೈಯುವಾಗ ಇದೂ ಒಂದು ಕಾರಣ ಅಂತ ನೆನಪಿರಲಿ. ಕೆಲವರು ಕೊಬ್ಬಿನಿಂದ ಬಿಡುತ್ತಾರೆ, ಅವರಿಗೆ ದಂಡ ಹಾಕಿ. ಆದರೆ ಎಷ್ಟೋ ಜನ ಗಾಬರಿಯಿಂದ ಬಿಡುತ್ತಾರೆ.

ಈ ಲೈಟು ಯಾಕೆ ಸುಳ್ಳು ಹೇಳುತ್ತದೆ? ನಾನು ಒಂದು ಕಾಲದಲ್ಲಿ ಮೋಟಾರ್ ವೈಂಡಿಂಗ್ ಕೆಲಸ ಮಾಡಿದವನು, ಹಾಗಾಗಿ ಬಿಚ್ಚಿ ನೋಡಿದೆ. ದೊಡ್ಡ ವಿದ್ಯೆ ಏನಿಲ್ಲ. ಟ್ಯಾಂಕಿನ ಪಕ್ಕದ ಗೋಡೆಗೆ ಕೆಳಗಿನಿಂದ ಮೇಲಿನವರೆಗೆ ಸಣ್ಣ ಸ್ಟೀಲ್ ಬೋಲ್ಟುಗಳನ್ನು ತೂರಿಸಿರುತ್ತಾರೆ. ಅದೇ ಸೆನ್ಸರ್. 12 ವೋಲ್ಟಿನ ಬ್ಯಾಟರಿಯಿಂದ ಅದಕ್ಕೆ ಚೂರೇ ಚೂರು ಕರೆಂಟ್ ಹೋಗುತ್ತದೆ. ನೀರು ಏರಿ ಬೋಲ್ಟನ್ನು ಮುಟ್ಟಿದರೆ ನೀರಿನ ಮೂಲಕ ಕರೆಂಟ್ ದಾಟಿ ಆ ಮಟ್ಟದ ಲೈಟ್ ಹತ್ತುತ್ತದೆ. ಆದರೆ ನೀರು ಇಳಿದ ಮೇಲೂ ಬೋಲ್ಟಿನ ಮೇಲೆ ಒದ್ದೆ ಟಿಶ್ಯೂ ಪೇಪರ್ ಅಂಟಿಕೊಂಡಿದ್ದರೆ, ಅಥವಾ ಗೋಡೆಯ ಮೇಲೆ ಲೋಳೆ ಕಟ್ಟಿದ್ದರೆ? ಅದೂ ಒದ್ದೆಯೇ ತಾನೆ. ಕರೆಂಟ್ ಅದರ ಮೇಲೇ ದಾಟುತ್ತದೆ. ಟ್ಯಾಂಕ್ ಖಾಲಿ, ಲೈಟ್ ಭರ್ತಿ.

ನಮ್ಮ ಅಡುಗೆ ನೀರಿನ ಟ್ಯಾಂಕ್ ಇದಕ್ಕೆ ಉಲ್ಟಾ ಸುಳ್ಳು ಹೇಳುತ್ತಿತ್ತು. ತುಂಬಿದ್ದರೂ ಮೂರನೇ ಒಂದು ಭಾಗ ಅನ್ನುತ್ತಿತ್ತು, ಒಂದು ದಿನ ಬಚ್ಚಲಿನ ಜಾಲರಿಯಿಂದ ನೀರು ಮೇಲೆ ಬಂದಾಗಲೇ ಗೊತ್ತಾಗಿದ್ದು. ಕಾರಣ ಕೊಬ್ಬರಿ ಎಣ್ಣೆ. ಶಿರಸಿಯಲ್ಲಿ ಜನವರಿ ಬೆಳಿಗ್ಗೆ ಬಾಟಲಿಯ ಎಣ್ಣೆ ಗಟ್ಟಿಯಾಗುವುದನ್ನು ನೀವು ನೋಡಿರುತ್ತೀರಿ, ಟ್ಯಾಂಕಿನೊಳಗೂ ಅದೇ ಕತೆ. ಎಣ್ಣೆ, ಸೋಪಿನ ಕೆನೆ ಎರಡೂ ಸೇರಿ ಬೋಲ್ಟಿನ ಮೇಲೆ ಮೇಣದ ಹಾಗೆ ಕೂತಿತ್ತು. ಜಿಡ್ಡಿನ ಮೂಲಕ ಕರೆಂಟ್ ಹೋಗುವುದಿಲ್ಲ. ಈಗ ನಮ್ಮ ಗಾಡಿಯಲ್ಲಿ ಬಾಣಲೆಯನ್ನು ಮೊದಲು ಹಳೆಯ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯುವುದು. (ನಿಮ್ಮ ಪತ್ರಿಕೆ ಆ ಕೆಲಸಕ್ಕೂ ಬರುತ್ತಿದೆ, ಬೇಜಾರು ಮಾಡಿಕೊಳ್ಳಬೇಡಿ.)

ತೊಳೆಯುವ ಕೆಲಸಕ್ಕೆ ಬರೋಣ. ಯಾರೋ ಹೇಳಿದರು, ಟ್ಯಾಂಕಿಗೆ ಐಸ್ ತುಂಡು ಹಾಕಿ ಗಾಡಿ ಓಡಿಸಿ, ಐಸ್ ಉರುಳಾಡಿ ಎಲ್ಲ ಉಜ್ಜಿಬಿಡುತ್ತದೆ ಅಂತ. ತದಡಿ ಬಂದರಿನಿಂದ ಮೀನಿಗೆ ಹಾಕುವ ಐಸ್ ತಂದು ಅದನ್ನೂ ಮಾಡಿದೆ. ಕಮೋಡಿಗೆ ಐಸ್ ಸುರಿಯುವುದನ್ನು ನೋಡಿ ಐಸ್ ಕೊಟ್ಟ ಹುಡುಗ ನಕ್ಕ. ನಮ್ಮ ಸೆಕೆಗೆ ಅದು ಹೊನ್ನಾವರ ಮುಟ್ಟುವ ಮೊದಲೇ ನೀರು. ಲೈಟ್ ಅಲ್ಲೇ ನಿಂತಿತ್ತು.

ನನಗೆ ಕೆಲಸ ಮಾಡಿದ್ದು ನೀರು ಮತ್ತು ತಾಳ್ಮೆ. ಮೊದಲು ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿದೆ. ಆಮೇಲೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿ ಮುಕ್ಕಾಲು ತುಂಬಿಸಿ ದೇವಿಮನೆ ಘಟ್ಟ ಹತ್ತಿ ಇಳಿದೆ. ಆ ತಿರುವುಗಳಲ್ಲಿ ನೀರು ಒಳಗೆ ಹೇಗೆ ಅಲ್ಲಾಡುತ್ತದೆ ಅಂದರೆ ಯಾವ ಬ್ರಷ್ಷೂ ಬೇಡ. ಕುದಿಯುವ ನೀರು ಮಾತ್ರ ಹಾಕಬೇಡಿ, ಪ್ಲಾಸ್ಟಿಕ್ ಪೈಪಿನ ಜಾಯಿಂಟ್ ಹಾಳಾಗುತ್ತದೆ. ಅದನ್ನು ಖಾಲಿ ಮಾಡಿ, ಸೆಪ್ಟಿಕ್ ಟ್ಯಾಂಕಿಗೆ ಹಾಕುವ ಬ್ಯಾಕ್ಟೀರಿಯಾ ಪೌಡರ್ ಕಲಸಿ ಕುತ್ತಿಗೆ ತನಕ ನೀರು ತುಂಬಿಸಿ ಮೂರು ದಿನ ಬಿಟ್ಟೆ. ಕುತ್ತಿಗೆ ತನಕ ಯಾಕೆ ಅಂದರೆ ಮೇಲಿನ ಬೋಲ್ಟ್ ಮುಳುಗದಿದ್ದರೆ ಅದರ ಮೇಲಿನ ಕೊಳೆ ಹಾಗೇ ಉಳಿಯುತ್ತದೆ, ಸುಳ್ಳು ಹೇಳುವುದು ಮುಖ್ಯವಾಗಿ ಅದೇ ಅಲ್ವಾ. ಕೊನೆಗೆ ಕಮೋಡಿನಿಂದ ಸಣ್ಣ ಪೈಪು ಇಳಿಸಿ ಪ್ರೆಶರ್‌ನಲ್ಲಿ ನೀರು ಹೊಡೆದೆ. ಎರಡು ಲೈಟ್ ದಾರಿಗೆ ಬಂದವು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೇಗ ಕ್ಲೀನ್ ಆಗಲಿ ಅಂತ ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಒಟ್ಟಿಗೆ ಸುರಿಯಬೇಡಿ. ಕ್ಲೋರಿನ್ ಗ್ಯಾಸ್ ಏಳುತ್ತದೆ. ಮೂತ್ರ ಇರುವ ಟ್ಯಾಂಕಿಗೆ ಬರೀ ಬ್ಲೀಚ್ ಹಾಕಿದರೂ ಕೆಟ್ಟ ಗ್ಯಾಸ್ ಬರುತ್ತದೆ, ಗಾಡಿಯ ಟಾಯ್ಲೆಟ್ ಅಂದರೆ ಕಪಾಟಿನಷ್ಟು ಜಾಗ, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೇಲಾಗಿ ಬ್ಲೀಚ್ ನಿಮ್ಮ ಸೆಪ್ಟಿಕ್ ಟ್ಯಾಂಕಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಹಾಗೆಯೇ ಕಟ್ಟಿಕೊಂಡಿದೆ ಅಂತ ಯಾರೋ ಬಡವನಿಗೆ ದುಡ್ಡು ಕೊಟ್ಟು ಕೈ ಹಾಕಿಸುವುದು, ಸೆಪ್ಟಿಕ್ ಗುಂಡಿಗೆ ಇಳಿಸುವುದು ಬೇಡವೇ ಬೇಡ. ಕೈಯಿಂದ ಮಲ ಬಳಿಸುವುದನ್ನು ನಿಷೇಧಿಸಿದ 2013ರ ಕಾನೂನಿನಲ್ಲಿ ಅದು ಅಪರಾಧ. ಆ ಗುಂಡಿಯ ಗ್ಯಾಸಿಗೆ ಎಷ್ಟು ಜೀವ ಹೋಗಿದೆ ಅಂತ ನಿಮ್ಮ ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ.

ತೊಳೆದರೂ ಮೂರನೇ ಲೈಟ್ ಬಗ್ಗಲಿಲ್ಲ. ಆಗ ಬೋಲ್ಟಿನ ವೈರನ್ನೇ ಕಳಚಿದೆ. ವೈರ್ ಕಳಚಿದಾಗ ಲೈಟ್ ಆರಿದರೆ ತೊಂದರೆ ಟ್ಯಾಂಕಿನಲ್ಲಿ, ಆರದಿದ್ದರೆ ತೊಂದರೆ ವೈರಿನಲ್ಲೋ ಪ್ಯಾನೆಲ್‌ನಲ್ಲೋ. ಇಷ್ಟು ಸರಳ. ನಮ್ಮದು ಆರಲಿಲ್ಲ. ಹುಡುಕುತ್ತಾ ಹೋದರೆ ಚಾಸಿಯ ಕೆಳಗಿನ ಕನೆಕ್ಟರ್ ತುಂಬ ಹಸಿರು ಕಿಲುಬು, ಎರಡು ಪಿನ್ನಿನ ಮಧ್ಯೆ ಸೇತುವೆ ಕಟ್ಟಿದ ಹಾಗೆ. ಡಿಸೆಂಬರ್‌ನಿಂದ ಮಾರ್ಚ್ ತನಕ ಗಾಡಿ ಕುಮಟಾದಲ್ಲಿ ಭಾವನ ತೋಟದಲ್ಲೇ ಇರುತ್ತದೆ, ಉಪ್ಪುಗಾಳಿ ಯಾರನ್ನು ಬಿಟ್ಟಿದೆ? ಹೊಸ ಕನೆಕ್ಟರ್ ಹಾಕಿ ಗ್ರೀಸ್ ಬಳಿದೆ. ಅಲ್ಲಿಗೆ ಅದೂ ಸರಿಯಾಯಿತು. ಮಾಡಿಕೊಟ್ಟ ವರ್ಕ್‌ಶಾಪಿಗೆ ಫೋನ್ ಮಾಡಿದಾಗ "ಸಾರ್, ಈ ಲೈಟು ಎಲ್ಲರದ್ದೂ ಹೀಗೇ" ಅಂದರು. ಹಾಗಾದರೆ ಹಾಕಿದ್ದು ಯಾಕೆ ಮಾರಾಯ್ರೆ?

ಮಗ ಈಗ ಹೊಸ ಜಾತಿಯ ಸೆನ್ಸರ್ ತರಿಸಿದ್ದಾನೆ. ಅದು ಪಟ್ಟಿಯ ಥರ, ಟ್ಯಾಂಕಿನ ಹೊರಮೈಗೆ ಅಂಟಿಸುವುದು. ಪ್ಲಾಸ್ಟಿಕ್ ಗೋಡೆಯ ಹೊರಗಿನಿಂದಲೇ ಒಳಗಿನ ಮಟ್ಟ ನೋಡುತ್ತದೆ, ಕೊಳೆಯನ್ನು ಮುಟ್ಟುವುದೇ ಇಲ್ಲ. ಲೋಹದ ಟ್ಯಾಂಕಿಗೆ ಆಗುವುದಿಲ್ಲ. ಒಳಗೋಡೆಗೆ ದಪ್ಪ ಪದರ ಕಟ್ಟಿದರೆ ಅದೂ ತಪ್ಪು ಹೇಳಬಹುದು, ಆದರೂ ಬೋಲ್ಟಿಗಿಂತ ಎಷ್ಟೋ ವಾಸಿ. ನನ್ನ ನಂಬಿಕೆ ಮಾತ್ರ ಲೆಕ್ಕದ ಮೇಲೆ. ಒಂದು ಸಲಕ್ಕೆ ಒಂದೂವರೆ ಲೀಟರ್ ಅಂತ ಹಿಡಿದರೆ, ನಾಲ್ಕು ಜನ ದಿನಕ್ಕೆ ಐದು ಸಲ ಹೋದರೆ 30 ಲೀಟರ್. 40ರ ಟ್ಯಾಂಕಿಗೆ ಒಂದು ದಿನ, ಅಷ್ಟೇ. ನಾವು ನೀರು ಬಳಸುವ ಜನ, ಕಾಗದದವರಲ್ಲ. ಅದರಿಂದ ಟ್ಯಾಂಕ್ ಬೇಗ ತುಂಬುತ್ತದೆ, ಆದರೆ ಒಳಗೆ ಗುಡ್ಡೆ ಕಟ್ಟುವುದು ಕಡಿಮೆ. ಗುಡ್ಡೆ ಕಟ್ಟುವುದು ಟ್ಯಾಂಕ್ ಖಾಲಿ ಮಾಡುವ ವಾಲ್ವನ್ನು ತೆರೆದೇ ಇಟ್ಟರೆ. ನೀರು ಹರಿದುಹೋಗಿ ಗಟ್ಟಿಯಾದದ್ದು ಅಲ್ಲೇ ಕೂರುತ್ತದೆ. ಮುಚ್ಚಿಡಿ, ಮುಕ್ಕಾಲು ಆದಮೇಲೆ ಒಮ್ಮೆಲೇ ಬಿಡಿ. ಮೊದಲು ಪಾಯಖಾನೆಯದು, ಆಮೇಲೆ ಬಚ್ಚಲಿನದು, ಪೈಪೂ ತೊಳೆದ ಹಾಗಾಯಿತು. ಮಕ್ಕಳನ್ನು ಒರೆಸುವ ವೆಟ್ ವೈಪ್ಸ್ ಒಳಗೆ ಹಾಕಲೇಬೇಡಿ, ಅದು ಕರಗುವುದಿಲ್ಲ.

ಸರಿ, ಬಿಡಿ ಅಂದೆ. ಎಲ್ಲಿ ಬಿಡುವುದು? ಕಾರವಾರದಿಂದ ಭಟ್ಕಳದ ತನಕ 66ರ ಹೆದ್ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೆ. ಟ್ಯಾಗೋರ್ ಕಡಲತೀರದ ಹತ್ತಿರ ಗಾಡಿ ನಿಲ್ಲಿಸಿದ್ದೇನೆ, ಹೊನ್ನಾವರದ ಕಾಸರಕೋಡಿನಲ್ಲಿ, ಮುರ್ಡೇಶ್ವರದಲ್ಲಿ ನಿಲ್ಲಿಸಿದ್ದೇನೆ. ಇಲ್ಲಿ ಖಾಲಿ ಮಾಡಿ ಅಂತ ಬರೆದ ಒಂದು ಬೋರ್ಡ್ ನನ್ನ ಕಣ್ಣಿಗೆ ಬಿದ್ದಿಲ್ಲ. ಹೋಮ್‌ಸ್ಟೇಯವರನ್ನು ಕೇಳಿದರೆ ಮುಖ ಸಿಂಡರಿಸುತ್ತಾರೆ, ಅವರದೂ ತಪ್ಪಲ್ಲ. ಅವರ ಸೆಪ್ಟಿಕ್ ಟ್ಯಾಂಕ್ ಚಿಕ್ಕದು, ನಮ್ಮ ಚಿರೆಕಲ್ಲಿನ ನೆಲದಲ್ಲಿ ನೀರು ಬೇಗ ಇಳಿಯುತ್ತದೆ, ಹತ್ತು ಹೆಜ್ಜೆಗೆ ಬಾವಿ. ಕೇರಳದವರು 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆ ಅಂತ ಯೋಜನೆ ಮಾಡಿ, ಗಾಡಿ ನಿಲ್ಲಿಸುವ ಪಾರ್ಕಿನ ಮಾತನ್ನೂ ಅದರಲ್ಲೇ ಸೇರಿಸಿದರು. ನಮ್ಮ ದೇವನಹಳ್ಳಿಯಲ್ಲಿ ಸೆಪ್ಟಿಕ್ ಟ್ಯಾಂಕಿನ ಮಲವನ್ನು ಸಂಸ್ಕರಿಸುವ ಘಟಕ 2015ರಿಂದ ಇದೆ. ಅಂದರೆ ಗೊತ್ತಿಲ್ಲದ ವಿದ್ಯೆ ಅಲ್ಲ.

ಬೇಕಾದದ್ದು ದೊಡ್ಡ ಕಟ್ಟಡ ಅಲ್ಲ. ಗಾಡಿ ನಿಲ್ಲುವಷ್ಟು ಇಳಿಜಾರಿನ ಕಾಂಕ್ರೀಟ್, ಮಧ್ಯದಲ್ಲಿ ಮುಚ್ಚಳ ಇರುವ ನಾಲ್ಕು ಇಂಚಿನ ಪೈಪು, ಕೆಳಗೆ ಸೋರದ ಒಂದು ಟ್ಯಾಂಕ್, ತೊಳೆಯಲು ಒಂದು ನಲ್ಲಿ. ಆ ನಲ್ಲಿಗೆ ಕುಡಿಯುವ ನೀರಲ್ಲ ಅಂತ ದೊಡ್ಡದಾಗಿ ಬರೆಯಿರಿ, ಯಾಕೆಂದರೆ ಕೊಳೆ ಪೈಪು ಮುಟ್ಟಿದ ಕೈ ಅದನ್ನೇ ಮುಟ್ಟುತ್ತದೆ. ತುಂಬಿದಾಗ ಸಕ್ಕಿಂಗ್ ಗಾಡಿ ಬಂದು ಎಳೆದುಕೊಂಡು ಹೋಗಲಿ. ಸಲಕ್ಕೆ 100 ರೂಪಾಯಿ ಇಟ್ಟರೂ ಕೊಡುತ್ತೇವೆ, 200 ಇಟ್ಟರೆ ಗೊಣಗುತ್ತಾ ಕೊಡುತ್ತೇವೆ. ಸದ್ಯಕ್ಕೆ ಕಾರವಾರ, ಗೋಕರ್ಣ, ಮುರ್ಡೇಶ್ವರ ಈ ಮೂರು ಕಡೆ ಆದರೆ ಸಾಕು. ಅದಾದ ಮೇಲೂ ಹೊಳೆಗೆ ಬಿಡುವವರ ಗಾಡಿ ನಂಬರನ್ನು ಪೇಪರಿನಲ್ಲಿ ಹಾಕಿ, ನಾನು ಮೊದಲು ಚಪ್ಪಾಳೆ ತಟ್ಟುತ್ತೇನೆ.

ಮಳೆಗಾಲ ಮುಗಿದ ಮೇಲೆ ನಾನು ಮತ್ತೆ ಕುಮಟಾದಲ್ಲೇ ಇರುತ್ತೇನೆ. ಯಾರದ್ದಾದರೂ ಗಾಡಿಯ ಲೈಟ್ ಹೀಗೆ ಆಟ ಆಡಿಸುತ್ತಿದ್ದರೆ ತನ್ನಿ, ಮಲ್ಟಿಮೀಟರ್ ನನ್ನ ಹತ್ತಿರ ಇದೆ, ಸುಮ್ನೆ ನೋಡಿಕೊಡುತ್ತೇನೆ, ದುಡ್ಡು ಬೇಡ. ಟ್ಯಾಂಕ್ ಮಾತ್ರ ಖಾಲಿ ಮಾಡಿಕೊಂಡು ಬನ್ನಿ. ಎಲ್ಲಿ ಖಾಲಿ ಮಾಡಬೇಕು ಅಂತ ನನ್ನನ್ನು ಕೇಳಬೇಡಿ, ಅದನ್ನು ಕೇಳಲಿಕ್ಕೇ ಈ ಪತ್ರ.

ಇಂತಿ,
ನಿಮ್ಮ ಹಳೆಯ ಓದುಗ,
ಶಿರಸಿ